ಗ್ಲಕೋಮಾ ಆಪರೇಷನ್ ಆಗಿದೆ, ಗಾಯ ಬೇಗ ಮಾಯಬಾರದಂತೆ! ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ: ಅಮ್ಮನಿಗೆ 58 ವರ್ಷ. ಹತ್ತು ದಿನದ ಹಿಂದೆ ಬಲಗಣ್ಣಿಗೆ ಟ್ರಾಬೆಕ್ಯುಲೆಕ್ಟಮಿ, ಅಂದರೆ ಕಣ್ಣೊಳಗಿನ ಪ್ರೆಷರ್ ಇಳಿಸುವ ಗ್ಲಕೋಮಾ ಆಪರೇಷನ್ ಆಯಿತು. ಆಪರೇಷನ್ ಆದ ಹೊಸದರಲ್ಲಿ ಕಣ್ಣಿನ ಪ್ರೆಷರ್ 9 ಇತ್ತು, ನಿನ್ನೆ 19. ಗಾಯ ಬೇಗ ಕೂಡಿಕೊಳ್ಳುತ್ತಿದೆ, ಹೊಲಿಗೆ ಬಿಡಿಸೋಣ, ಬೇಕಾದರೆ ಇಂಜೆಕ್ಷನ್ ಕೊಡೋಣ ಅಂದರು ಡಾಕ್ಟರು. ಗಾಯ ಮಾಯುವುದು ಒಳ್ಳೆಯದೇ ಅಲ್ವಾ?

ಶಿವಮೊಗ್ಗದಿಂದ: ಬೇರೆ ಆಪರೇಷನ್ ಆದರೆ ಬೇಗ ಮಾಯಲಿ ಅಂತ ಹರಕೆ ಹೊರುತ್ತೇವೆ. ಇಲ್ಲಿ ಉಲ್ಟಾ. ಕಣ್ಣೊಳಗಿನ ನೀರು ಹೊರಗೆ ಹರಿಯಲಿ ಅಂತಲೇ ಮೇಲಿನ ರೆಪ್ಪೆಯ ಮರೆಯಲ್ಲಿ ಸಣ್ಣ ಕಿಂಡಿ ಮಾಡಿರುತ್ತಾರೆ. ಆ ನೀರು ತೆಳು ಪೊರೆಯಡಿ ಗುಳ್ಳೆಯಾಗಿ ನಿಲ್ಲುತ್ತದೆ. ಅದಕ್ಕೆ ಬ್ಲೆಬ್ ಅನ್ನುತ್ತಾರೆ. ದೇಹಕ್ಕೆ ಅದೇನು ಗೊತ್ತು, ಗಾಯ ಅಂದುಕೊಂಡು ಮುಚ್ಚಲು ಹೊರಡುತ್ತದೆ. ಅಲ್ಲಿ ಕಲೆಗಟ್ಟಿದರೆ ನೀರಿಗೆ ದಾರಿ ಇಲ್ಲ, ಪ್ರೆಷರ್ ಏರುತ್ತದೆ.

ನನ್ನ ಎಡಗಣ್ಣಿನದು ಹಾಗೇ ಮುಚ್ಚಿಹೋಯಿತು. ಅದರಲ್ಲಿ ನನ್ನ ಪಾಲೂ ಇದೆ. ಕಲೆ ಕಟ್ಟದಂತೆ ತಡೆಯುವ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಡ್ರಾಪ್ಸ್ ಎರಡು ಗಂಟೆಗೊಮ್ಮೆ ಹಾಕಲು ಹೇಳಿದ್ದರು. ಮೂರನೇ ವಾರಕ್ಕೆ ಕೆಂಪು ಹೋಗಿತ್ತು, ನೋವೂ ಇರಲಿಲ್ಲ. ಸುಮ್ನೆ ಯಾಕೆ ಅಂತ ನಾನೇ ದಿನಕ್ಕೆ ಎರಡು ಸಲಕ್ಕೆ ಇಳಿಸಿದೆ. ಬಾಟಲಿಯನ್ನು ಅಲ್ಲಾಡಿಸುತ್ತಲೂ ಇರಲಿಲ್ಲ. ಔಷಧಿಯೆಲ್ಲ ಬಿಳಿ ಹಿಟ್ಟಿನಂತೆ ತಳದಲ್ಲಿ ಕೂತಿತ್ತು, ನಾನು ಬರೀ ಮೇಲಿನ ನೀರು ಬಿಟ್ಟುಕೊಳ್ಳುತ್ತಿದ್ದೆ! ತಿಂಗಳೊಳಗೆ ಪ್ರೆಷರ್ 26.

ಬಲಗಣ್ಣಿನ ಸರದಿ ಬಂದಾಗ ನಮ್ಮನೆಯವಳು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಡ್ರಾಪ್ಸಿಗೂ ಗೀಟು ಹಾಕತೊಡಗಿದಳು. ಎಂಟು ಗೀಟು ಆಗದೆ ಮಲಗಲು ಬಿಡುತ್ತಿರಲಿಲ್ಲ. ನಿಧಾನಕ್ಕೆ ಕಮ್ಮಿ ಮಾಡುತ್ತಾ ಮೂರು ತಿಂಗಳು ಹಾಕಿದೆ. ಐದು ವರ್ಷವಾಯಿತು, ಆ ಕಣ್ಣು 12, 13ರಲ್ಲೇ ಇದೆ.

ನಿವೃತ್ತ ನರ್ಸ್, ಧಾರವಾಡ: ಹೊಲಿಗೆ ಬಿಡಿಸುವುದೆಂದರೆ ಮತ್ತೆ ಥಿಯೇಟರಿಗೆ ಒಯ್ಯುವುದಲ್ಲ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಗದ್ದ ಇಡುವ ಮಿಷಿನ್ ಮುಂದೆ ಕೂರಿಸಿ, ಲೇಸರಿನಲ್ಲಿ ದಾರ ಕತ್ತರಿಸುತ್ತಾರೆ. ಕೆಲವರು ಎಳೆದರೆ ಬರುವಂಥ ದಾರವನ್ನೇ ಹಾಕಿರುತ್ತಾರೆ. ಮೊದಲು ಬಿಗಿಯಾಗಿ ಹೊಲಿಯುವುದು ಬೇಕಂತಲೇ. ಆರಂಭದಲ್ಲೇ ನೀರು ಜಾಸ್ತಿ ಹರಿದರೆ ಕಣ್ಣು ಮೆತ್ತಗಾಗುತ್ತದೆ. ಆದರೆ ತಡಮಾಡಿದರೆ ದಾರ ಕತ್ತರಿಸಿಯೂ ಉಪಯೋಗವಿಲ್ಲ, ಒಳಗೆ ಅಂಟಿಕೊಂಡಿರುತ್ತದೆ. ಮುಂದೂಡಬೇಡಿ.

ಇಂಜೆಕ್ಷನ್ ಬಹುಶಃ 5-ಎಫ್‌ಯು. ಕ್ಯಾನ್ಸರ್ ಔಷಧಿ ಅಂತ ಓದಿ ಗಾಬರಿಯಾದವರನ್ನು ಬಹಳ ನೋಡಿದ್ದೇನೆ. ಇಲ್ಲಿ ಕೊಡುವುದು ತೀರಾ ಸ್ವಲ್ಪ, ಪೊರೆಯಡಿಗೆ ಮಾತ್ರ. ಕಲೆ ಕಟ್ಟುವ ಜೀವಕೋಶಗಳನ್ನು ಅದು ತಡೆಯುತ್ತದೆ. ಒಂದೆರಡು ದಿನ ಮರಳು ಬಿದ್ದಂತೆ ಚುಚ್ಚಬಹುದು. ಆಪರೇಷನ್ ವೇಳೆ ಇದೇ ಥರ ಕಲೆ ತಡೆಯುವ ಮೈಟೊಮೈಸಿನ್ ಹಚ್ಚಿದ್ದರಾ ಅಂತ ಡಿಸ್‌ಚಾರ್ಜ್ ಚೀಟಿ ನೋಡಿ. ಸ್ಪಂಜಿನಲ್ಲಿ ಕೆಲವೇ ನಿಮಿಷ ಇಟ್ಟು ತೊಳೆಯುತ್ತಾರೆ. ಇಂಥ ಔಷಧಿಯಿಂದ ಗುಳ್ಳೆ ತೀರಾ ತೆಳ್ಳಗಾಗಿ ಸೋರುವುದೂ, ಸೋಂಕು ಹತ್ತುವುದೂ ಉಂಟು. ವರ್ಷಗಳ ಮೇಲೂ ಕಣ್ಣು ಕೆಂಪಾಗಿ, ನೋವು ಬಂದು, ಪಿಚ್ಚುಗಟ್ಟಿ, ದೃಷ್ಟಿ ಮಂಜಾದರೆ ಅವತ್ತೇ ಓಡಿ.

ಬೆಂಗಳೂರಿನಿಂದ: ನನ್ನ ತಮ್ಮನಿಗೆ 34ಕ್ಕೇ ಆಪರೇಷನ್. ವಯಸ್ಸು ಕಮ್ಮಿ ಇದ್ದರೆ ಕಲೆ ಕಟ್ಟುವುದು ಜಾಸ್ತಿಯಂತೆ. ನಾಲ್ಕು ತಿಂಗಳಿಗೆ ಸೂಜಿ ಹಾಕಿ ಅಂಟು ಬಿಡಿಸಿದರು, ನೀಡ್ಲಿಂಗ್ ಅಂತ. ಎರಡು ಸಲ ಬೇಕಾಯಿತು. ಒಂದು ಮಾತು: ವಿಡಿಯೋ ನೋಡಿ ಕಣ್ಣು ಒತ್ತಿ ಮಸಾಜ್ ಮಾಡಬೇಡಿ. ಡಾಕ್ಟರು ಕೈ ಹಿಡಿದು ತೋರಿಸಿದರೆ ಮಾತ್ರ. ಇನ್ನು ಕೆಲವರಿಗೆ ಸ್ಟೀರಾಯ್ಡ್ ಡ್ರಾಪ್ಸೇ ಪ್ರೆಷರ್ ಏರಿಸುತ್ತದೆ. ಅದನ್ನೂ ಕೇಳಿ, ನೀವೇ ನಿಲ್ಲಿಸಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಂದು ಹೊಲಿಗೆ ಕತ್ತರಿಸಿದರು, ಪ್ರೆಷರ್ 12. ನಾಡಿದ್ದು ಮತ್ತೆ ಬರಲು ಹೇಳಿದ್ದಾರೆ. ಅಮ್ಮನ ಚಿಂತೆಯೇ ಬೇರೆ: ತಲೆಗೆ ಸ್ನಾನ ಯಾವಾಗ?

ಶಿವಮೊಗ್ಗದಿಂದ: ಡಾಕ್ಟರು ಹೂಂ ಅಂದ ಮೇಲೆ, ಮಂಚದ ಅಂಚಿಗೆ ತಲೆ ಬರುವಂತೆ ಅಂಗಾತ ಮಲಗಿಸಿ, ಕೆಳಗೆ ಬಕೆಟ್ ಇಟ್ಟು, ನೀವೇ ಚೊಂಬಿನಲ್ಲಿ ಹಿಂದಕ್ಕೆ ನೀರು ಹಾಕಿ. ಸೀಗೆಪುಡಿ ಮಾತ್ರ ಸದ್ಯಕ್ಕೆ ಬೇಡ.