ನಮ್ಮ ಟೀಮಿನ ಸ್ಟಾರ್ ಎಲ್ಲರ ಮೇಲೂ ಕೂಗಾಡುತ್ತಾನೆ. ಎನ್‌ಬಿಎಯ ಮೈಕಲ್ ಜೋರ್ಡನ್ ಕೂಡ ಹೀಗೇ ಇದ್ದನಂತೆ, ನಿಜವಾ?

ಪಾಯಿಂಟ್ ಗಾರ್ಡ್ 11

ಎಲ್ಲರಿಗೂ ನಮಸ್ಕಾರ. ಕಾಲೇಜು ಟೀಮಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ, ಈ ವರ್ಷ ಕ್ಯಾಪ್ಟನ್. ನಮ್ಮಲ್ಲಿ ಒಬ್ಬ ಇದ್ದಾನೆ, ಅವನಿಲ್ಲದಿದ್ದರೆ ನಾವು ಗೆಲ್ಲುವುದು ಕಷ್ಟ. ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಅವನ ಜೊತೆ ಆಡುವುದು ದಿನದಿಂದ ದಿನಕ್ಕೆ ಜಾಸ್ತಿ ಕಷ್ಟವಾಗುತ್ತಿದೆ.

ಮೊನ್ನೆ ಪ್ರಾಕ್ಟೀಸಿನಲ್ಲಿ ಒಬ್ಬ ಜೂನಿಯರ್ ರಿಂಗ್ ಹತ್ತಿರದಿಂದ ಹಾಕುವ ಸುಲಭದ ಲೇ-ಅಪ್ ಮಿಸ್ ಮಾಡಿದ. ಇವನು ಚೆಂಡು ಎತ್ತಿಕೊಂಡು ಬಂದು ಆ ಹುಡುಗನ ಎದೆಗೆ ಒತ್ತಿ, "ಇನ್ಮೇಲೆ ಶೂಟ್ ಮಾಡ್ಬೇಡ. ನಂಗೆ ಕೊಟ್ಟು ಪಕ್ಕಕ್ಕೆ ಹೋಗು" ಅಂದ. ಹುಡುಗ ಒಂದು ಮಾತೂ ಆಡಲಿಲ್ಲ. ಬಿಗಿಯಾಗೇ ಇದ್ದ ಶೂ ಲೇಸ್ ಬಿಚ್ಚಿ, ಮತ್ತೆ ಕಟ್ಟುತ್ತಾ ಕೂತ. ಅವತ್ತಿನಿಂದ ರಿಂಗ್ ಕೆಳಗೆ ಒಬ್ಬನೇ ನಿಂತಿದ್ದರೂ ಅವನು ಶೂಟ್ ಮಾಡುವುದಿಲ್ಲ, ತಕ್ಷಣ ಪಾಸ್ ಕೊಟ್ಟುಬಿಡುತ್ತಾನೆ.

ನಾನು ಕೇಳಿದ್ದಕ್ಕೆ ನಮ್ಮ ಸ್ಟಾರ್ ಹೇಳಿದ್ದು: "ಜೋರ್ಡನ್ ಪ್ರಾಕ್ಟೀಸಿನಲ್ಲಿ ತನ್ನದೇ ಟೀಮಿನ ಸ್ಟೀವ್ ಕರ್ ಮುಖಕ್ಕೇ ಗುದ್ದಿದ್ದ. ಆ ಸೀಸನ್ ಅವರ ಟೀಮ್ ಶಿಕಾಗೊ ಬುಲ್ಸ್ 72 ಮ್ಯಾಚ್ ಗೆದ್ರು." ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಇದು ನಿಜವಾ? ಹಾಗೆ ಇದ್ದಿದ್ದಕ್ಕೇ ಗೆದ್ದರಾ?

ಹಳೇ ಬುಲ್ಸ್ ಅಭಿಮಾನಿ

ಗುದ್ದಿದ್ದು ನಿಜ, 72 ಗೆದ್ದಿದ್ದೂ ನಿಜ. ಆದರೆ ನಿಮ್ಮ ಗೆಳೆಯ ಅರ್ಧ ಕಥೆ ಹೇಳಿದ್ದಾನೆ.

1993ರ ಅಕ್ಟೋಬರಿನಲ್ಲಿ ಆಟ ಬಿಟ್ಟಿದ್ದ ಜೋರ್ಡನ್ 1995ರ ಮಾರ್ಚ್‌ನಲ್ಲಿ ವಾಪಸ್ ಬಂದ. ಆ ವರ್ಷದ ಪ್ಲೇ-ಆಫ್‌ನಲ್ಲಿ ಒರ್ಲಾಂಡೊ ಎದುರು ಬುಲ್ಸ್ ಸೋತರು. ಮೊದಲ ಮ್ಯಾಚಿನ ಕೊನೆಯಲ್ಲಿ ನಿಕ್ ಆಂಡರ್ಸನ್ ಹಿಂದಿನಿಂದ ಬಂದು ಜೋರ್ಡನ್ ಕೈಯಿಂದಲೇ ಚೆಂಡು ತಪ್ಪಿಸಿದ್ದ. ಆ ಸೋಲು ಅವನಿಗೆ ಅರಗಲೇ ಇಲ್ಲ. ಮುಂದಿನ ಸೀಸನ್ನಿನ ಕ್ಯಾಂಪಿಗೆ ಕಿಡಿ ಕಾರುತ್ತಲೇ ಬಂದ. ಟೀಮಿನ ಕರ್, ಕುಕೋಚ್, ಲಾಂಗ್ಲಿ ಯಾರೂ ಬುಲ್ಸ್ ಅದಕ್ಕೆ ಮುಂಚೆ ಗೆದ್ದಿದ್ದ ಮೂರು ಪ್ರಶಸ್ತಿಗಳಲ್ಲಿ ಅವನ ಜೊತೆ ಇದ್ದವರಲ್ಲ. ಇವರನ್ನು ನಂಬಬಹುದಾ ಅಂತ ಅವನಿಗೇ ಗೊತ್ತಿರಲಿಲ್ಲ. ಹಾಗಾಗಿ ದಿನವೂ ಕೆಣಕುತ್ತಿದ್ದ.

ಒಂದು ದಿನ ಕರ್ ತಿರುಗಿ ಮಾತಾಡಿದ. ಜೋರ್ಡನ್ ಎದೆಗೆ ಕೈ ಹಾಕಿದ. ಜೋರ್ಡನ್ ಅವನ ಕಣ್ಣಿಗೇ ಗುದ್ದಿದ. ಕೋಚ್ ಫಿಲ್ ಜಾಕ್ಸನ್ ಅವನನ್ನು ಪ್ರಾಕ್ಟೀಸಿನಿಂದ ಹೊರಗೆ ಕಳಿಸಿದರು. ಅಷ್ಟು ದೊಡ್ಡ ಆಟಗಾರನನ್ನು! ಅವತ್ತೇ ಜೋರ್ಡನ್ ಕರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದ. ನಿಮ್ಮ ಗೆಳೆಯನಿಗೆ ಈ ಭಾಗವನ್ನೂ ಹೇಳಿ.

ಇನ್ನೊಂದು ಇದೆ. 1997ರ ಫೈನಲ್ಸ್, ಯೂಟಾ ಎದುರು ಆರನೇ ಮ್ಯಾಚ್, ಸ್ಕೋರ್ 86-86. ಟೈಮ್‌ಔಟ್‌ನಲ್ಲಿ ಜೋರ್ಡನ್ ಪಕ್ಕದಲ್ಲಿ ಕೂತಿದ್ದ ಕರ್‌ಗೆ, ಯೂಟಾದ ಸ್ಟಾಕ್ಟನ್ ನಿನ್ನನ್ನು ಬಿಟ್ಟು ನನ್ನ ಕಡೆ ಬರ್ತಾನೆ, ರೆಡಿ ಇರು ಅಂದ. ಹಾಗೇ ಆಯಿತು. ಚೆಂಡು ಕರ್ ಕೈಗೆ ಬಂತು, ಐದು ಸೆಕೆಂಡ್ ಉಳಿದಿರುವಾಗ ಬುಟ್ಟಿಗೆ ಬಿತ್ತು. 90-86ರಲ್ಲಿ ಗೆದ್ದು ಪ್ರಶಸ್ತಿ ತಗೊಂಡರು. ಜೋರ್ಡನ್ ಅವತ್ತು 39 ಪಾಯಿಂಟ್ ಹೊಡೆದಿದ್ದ. ಕೊನೇ ಶಾಟನ್ನೂ ತಾನೇ ಹೊಡೆಯುತ್ತೇನೆ ಅಂದಿದ್ದರೆ ಯಾರು ತಡೆಯುತ್ತಿದ್ದರು? ಆದರೂ ಪಾಸ್ ಕೊಟ್ಟ. ನಿಮ್ಮ ಹುಡುಗ ಜೂನಿಯರ್‌ಗೆ ಹೇಳಿದ್ದು ಅದರ ತದ್ವಿರುದ್ಧ, ಅಲ್ವಾ?

ಜೋರ್ಡನ್ ಇದನ್ನು ಕಲಿಯುವುದಕ್ಕೆ ವರ್ಷಗಳೇ ಹಿಡಿದವು. 1986-87ರಲ್ಲಿ ಮ್ಯಾಚಿಗೆ ಸರಾಸರಿ 37.1 ಪಾಯಿಂಟ್ ಹೊಡೆದ. ಬಾಸ್ಟನ್ ಎದುರು ಮೊದಲ ಸುತ್ತಿನಲ್ಲೇ 3-0 ಸೋತು ಮನೆಗೆ ಹೋದ. ಮೊದಲ ಆರು ಸೀಸನ್ ಒಂದು ಪ್ರಶಸ್ತಿಯೂ ಇಲ್ಲ. 1991ರ ಫೈನಲ್ಸ್‌ನ ಐದನೇ ಮ್ಯಾಚಿನಲ್ಲಿ ಜಾಕ್ಸನ್ ಅವನನ್ನು ಕೇಳಿದರು: ಯಾರು ಖಾಲಿ ನಿಂತಿದ್ದಾರೆ? ಉತ್ತರ ಬರಲಿಲ್ಲ. ಮತ್ತೆ ಕೇಳಿದರು. ಪ್ಯಾಕ್ಸನ್, ಅಂದ ಜೋರ್ಡನ್. ಹಾಗಾದರೆ ಅವನಿಗೆ ಕೊಡು, ಅಂದರು. ಪ್ಯಾಕ್ಸನ್ 20 ಪಾಯಿಂಟ್ ಹೊಡೆದ, ಬುಲ್ಸ್‌ಗೆ ಮೊದಲ ಪ್ರಶಸ್ತಿ ಬಂತು.

ಇಷ್ಟು ಬರೆಯುವುದಕ್ಕೆ ಕಾರಣ ಇದೆ. ನಿಮ್ಮ ಜೂನಿಯರ್ ಜಾಗದಲ್ಲಿ ನಾನೂ ಇದ್ದೆ. ನಮ್ಮ ಟೀಮಿನಲ್ಲೂ ಅಂಥ ಒಬ್ಬ ಇದ್ದ. ಚೆಂಡು ಕೈಗೆ ಬಂದರೆ ನಾನು ರಿಂಗ್ ನೋಡುವ ಮೊದಲು ಅವನ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಎದುರಿನವರು ಬಂದು ಕೈ ಅಡ್ಡ ಇಟ್ಟಿರುತ್ತಿದ್ದರು. ಮೂಲೆಯಿಂದ ಹತ್ತಕ್ಕೆ ಏಳು ಹಾಕುತ್ತಿದ್ದವನು ಒಂದೇ ಸೀಸನ್ನಿನಲ್ಲಿ ಶೂಟ್ ಮಾಡುವುದನ್ನೇ ಬಿಟ್ಟೆ. ಆ ಹುಡುಗನನ್ನು ದಯವಿಟ್ಟು ಹಾಗೆ ಬಿಡಬೇಡಿ.

ಲೇಕರ್ಸ್ ಫ್ಯಾನ್ 8

ಒಂದು ಮಾತು ಸೇರಿಸುತ್ತೇನೆ. ಲೇಕರ್ಸ್ ಟೀಮಿನ ಶಾಕ್, ಕೋಬಿ ಇಬ್ಬರಿಗೂ ಆಗಿಬರುತ್ತಿರಲಿಲ್ಲ, ಆದರೂ 2000, 2001, 2002 ಮೂರೂ ವರ್ಷ ಪ್ರಶಸ್ತಿ ಗೆದ್ದರು. ಹಾಗಾಗಿ ಜಗಳ ಇದ್ದರೆ ಗೆಲ್ಲಲೇ ಆಗಲ್ಲ ಅನ್ನುವುದೂ ಸುಳ್ಳು. ಆದರೆ 2004ರ ಫೈನಲ್ಸ್‌ನಲ್ಲಿ ಡೆಟ್ರಾಯ್ಟ್ ಎದುರು 4-1 ಸೋತ ಮೇಲೆ ಶಾಕ್ ಮಯಾಮಿಗೆ ಹೋದ. ಮುಂದಿನ ಸೀಸನ್ ಲೇಕರ್ಸ್ ಪ್ಲೇ-ಆಫ್‌ಗೇ ಬರಲಿಲ್ಲ. 2006ರ ಜನವರಿಯಲ್ಲಿ ಕೋಬಿ ಒಂದೇ ಮ್ಯಾಚಿನಲ್ಲಿ 81 ಹೊಡೆದ, ಆದರೂ ಆ ವರ್ಷ ಮೊದಲ ಸುತ್ತಿನಲ್ಲೇ ಔಟ್. ಗಸೋಲ್ ಟೀಮಿಗೆ ಬಂದ ಮೇಲೆ, 2009ರಲ್ಲಿ ಮತ್ತೆ ಗೆದ್ದಿದ್ದು. ಇಬ್ಬರೂ ಒಟ್ಟಿಗೆ ಉಳಿದಿದ್ದರೆ ಇನ್ನೂ ಎಷ್ಟು ಗೆಲ್ಲುತ್ತಿದ್ದರೋ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೂರು ಪಾಯಿಂಟ್ ಗೆರೆ

ಕರ್ ಕಥೆಯನ್ನು ನಾನಾದರೆ ಇಷ್ಟು ಸುಖಾಂತ ಮಾಡುವುದಿಲ್ಲ. ಆ ಗುದ್ದು ತಿಂದೂ ಗಟ್ಟಿಯಾಗಿ ನಿಂತಿದ್ದು ಕರ್ ಅನ್ನುವವನು. ಎಲ್ಲರೂ ಕರ್ ಅಲ್ಲ.

ಅದೇ ಕರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಟೀಮಿನ ಕೋಚ್ ಆಗಿದ್ದಾಗ, 2022ರ ಅಕ್ಟೋಬರಿನಲ್ಲಿ ಪ್ರಾಕ್ಟೀಸಿನಲ್ಲಿ ಡ್ರೇಮಂಡ್ ಗ್ರೀನ್ ತನ್ನದೇ ಟೀಮಿನ ಜೋರ್ಡನ್ ಪೂಲ್‌ಗೆ ಗುದ್ದಿದ. ನಾಲ್ಕು ತಿಂಗಳ ಹಿಂದಷ್ಟೇ ಒಟ್ಟಿಗೆ ಪ್ರಶಸ್ತಿ ಗೆದ್ದಿದ್ದರು. ವಿಡಿಯೋ ಹೊರಗೆ ಬಂತು, ಲೋಕವೆಲ್ಲ ನೋಡಿತು. ಗ್ರೀನ್ ಕ್ಷಮೆ ಕೇಳಿದ, ದಂಡ ಕಟ್ಟಿದ, ವಾಪಸ್ ಬಂದು ಆಡಿದ. ಆದರೆ ಒಡೆದದ್ದು ಕೂಡಲಿಲ್ಲ. ಆ ಸೀಸನ್ ಎರಡನೇ ಸುತ್ತಿನಲ್ಲಿ ಲೇಕರ್ಸ್ ಎದುರು ಸೋತರು, ಬೇಸಿಗೆಯಲ್ಲಿ ಪೂಲ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟರು. ಟೀಮಿನೊಳಗಿನ ನಂಬಿಕೆಗೆ ಆ ಘಟನೆಯಿಂದ ಪೆಟ್ಟು ಬಿತ್ತು ಅಂತ ಕರ್ ಬಾಯಲ್ಲೇ ಬಂತು.

ಕ್ಯಾಪ್ಟನ್ ಅವರೇ, ಎಲ್ಲರ ಎದುರು ಸ್ಟಾರ್‌ನನ್ನು ಬೈಯಬೇಡಿ. ಅವನು ಇನ್ನೂ ಬಿಗಿಯುತ್ತಾನೆ. ಒಬ್ಬನೇ ಸಿಕ್ಕಾಗ ಹೇಳಿ.

ಪಾಯಿಂಟ್ ಗಾರ್ಡ್ 11

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಂಗ್ ನೋಡುವ ಮೊದಲು ಮುಖ ನೋಡುತ್ತಿದ್ದೆ ಅಂದಿರಲ್ಲ, ಅದನ್ನು ಎರಡು ಸಲ ಓದಿದೆ. ನಮ್ಮ ಜೂನಿಯರ್ ಮಾಡುತ್ತಿರುವುದೂ ಅದನ್ನೇ. ನಾನು ಪಾಸ್ ಕೊಡುವವನು, ನನಗೇ ಇಷ್ಟು ದಿನ ಕಾಣಿಸಿರಲಿಲ್ಲ.

ನಿನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ಸ್ಟಾರ್ ಜೊತೆ ಒಬ್ಬನೇ ಕೂತು 1997ರ ಆ ಕೊನೆಯ ನಿಮಿಷದ ವಿಡಿಯೋ ನೋಡಿದೆ. ಜೋರ್ಡನ್ ಪಾಸ್ ಕೊಡುವಲ್ಲಿ ಅವನೇ ಫೋನ್ ತಗೊಂಡು ಹಿಂದಕ್ಕೆ ಎಳೆದು ಮೂರು ಸಲ ನೋಡಿದ. ಏನೂ ಹೇಳಲಿಲ್ಲ. ಎದ್ದು ಹೋಗುವಾಗ ಜೂನಿಯರ್ ಎಷ್ಟು ಗಂಟೆಗೆ ಬರ್ತಾನೆ ಅಂತ ಕೇಳಿದ. ಅರ್ಧ ಗಂಟೆ ಮೊದಲೇ ಬರ್ತಾನೆ, ಒಬ್ಬನೇ ಶೂಟ್ ಮಾಡ್ತಾ ಇರ್ತಾನೆ ಅಂದೆ.