ಅಪ್‌ಡೇಟ್: ಬ್ಯಾಂಕ್ ಕೆಲಸ ಬಿಟ್ಟು ಶಿಕ್ಷಕನಾಗುವ ಪ್ರಶ್ನೆ

ನಲವತ್ತು ದಾಟಿದ ಮೇಲೆ ಬ್ಯಾಂಕಿನ ಸಾಲ ವಿಭಾಗದ ಕೆಲಸ ಬಿಟ್ಟು, ಬಿ.ಎಡ್. ಮುಗಿಸಿ ಶಿಕ್ಷಕನಾಗಬಹುದೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಬಿಟ್ಟಿಲ್ಲ, ಆದರೆ ಮಾಡುವ ಕೆಲಸ ಬದಲಾಗಿದೆ.

ನೀವು ಸೂಚಿಸಿದ, ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಆರು ಬಗೆಯ ಆಸಕ್ತಿಗಳ ಪರೀಕ್ಷೆಯಲ್ಲಿ ನನಗೆ ‘ಸಾಮಾಜಿಕ’ (ಜನರಿಗೆ ಕಲಿಸುವ, ನೆರವಾಗುವ ಕೆಲಸಗಳ) ವಿಭಾಗದಲ್ಲೇ ಹೆಚ್ಚು ಅಂಕ ಬಂದವು. ಅದು ಮೊದಲೇ ಗೊತ್ತಿದ್ದ ವಿಷಯವಾದ್ದರಿಂದ ಮುಂದಿನ ದಾರಿಯೇನೂ ತೋರಲಿಲ್ಲ. ಮನೆ ಸಾಲದ ಕಂತು ನಡೆಯುತ್ತಿರುವಾಗ ರಾಜೀನಾಮೆ ಕೊಡುವ ಸಲಹೆಯೂ ಕೂಡಿಬರಲಿಲ್ಲ.

ನೆರವಾದದ್ದು ‘ಜಾಬ್ ಕ್ರಾಫ್ಟಿಂಗ್’ ಕುರಿತ ಉತ್ತರ. ಇರುವ ಹುದ್ದೆಯಲ್ಲೇ ಮಾಡುವ ಕೆಲಸಗಳನ್ನು, ಒಡನಾಡುವ ಜನರನ್ನು, ಕೆಲಸವನ್ನು ಕಾಣುವ ಬಗೆಯನ್ನು ನೌಕರರೇ ತಿದ್ದಿಕೊಳ್ಳುವುದನ್ನು ಸಂಶೋಧಕರಾದ ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟ್ಟನ್ 2001ರಲ್ಲಿ ವಿವರಿಸಿದ್ದರು. ರೋಗಿಗಳ ಆರೈಕೆಯಲ್ಲಿ ತಮ್ಮದೂ ಪಾಲಿದೆಯೆಂದು ನಂಬಿ ದುಡಿಯುವ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಅವರ ಪ್ರಸಿದ್ಧ ಉದಾಹರಣೆ. ಅದನ್ನೋದಿ, ಸ್ವಸಹಾಯ ಸಂಘಗಳಿಗೆ ಹಣಕಾಸಿನ ತಿಳಿವಳಿಕೆ ನೀಡುವ ಹೊಣೆಯನ್ನು ನನಗೆ ವಹಿಸಬೇಕೆಂದು ವ್ಯವಸ್ಥಾಪಕರಿಗೆ ಲಿಖಿತವಾಗಿ ಕೇಳಿಕೊಂಡೆ, ಅವರು ಒಪ್ಪಿದರು.

ಮೊದಲ ಸಭೆಯಲ್ಲೇ ಒಬ್ಬ ತಾಯಿ ತಮ್ಮ ಸಾಲದ ಚೀಟಿಯ ಮೇಲೆ ಬೆರಳಿಟ್ಟು, “ಅಸಲು ತೀರುತ್ತಿದ್ದರೂ ಬಡ್ಡಿ ಯಾಕೆ ಇಳಿಯುವುದಿಲ್ಲ ಸರ್?” ಎಂದು ಕೇಳಿದರು. ಒಂದು ವರ್ಷದ ಮಾಸಿಕ ಕಂತಿನ ಸಾಲಕ್ಕೆ 12% ಫ್ಲಾಟ್ ಬಡ್ಡಿ, ಅಂದರೆ ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಅಸಲಿನ ಮೇಲೆಯೇ ಹಾಕುವ ಬಡ್ಡಿಯಾದರೆ, ಉಳಿದ ಅಸಲಿನ ಲೆಕ್ಕದಲ್ಲಿ ಅದು ಸುಮಾರು 21% ಆಗುತ್ತದೆಂದು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದೆ. ನನಗೆ ಬೇಸರ ತರಿಸಿದ್ದ ಅದೇ ಬಡ್ಡಿ ಲೆಕ್ಕ ಪಾಠವಾದದ್ದು ನಾನು ನಿರೀಕ್ಷಿಸದ ಸಂತೋಷ. ಬಿ.ಎಡ್. ವಿಚಾರವನ್ನು ಮನೆ ಸಾಲ ತೀರಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳುತ್ತೇನೆ.