ಮೈಸೂರಲ್ಲಿ ಕಿಟಕಿ ಗಾಜು ಕ್ಲೀನಿಂಗ್: ದೀಪಾವಳಿ ಆದ ಮೇಲೆ ಗಿರಾಕಿ ಎಲ್ಲಿಂದ ತರೋದು?

ಕುವೆಂಪುನಗರ_ಗ್ಲಾಸ್ ಕೇಳಿದ್ದು:

ಇಬ್ಬರೇ ಸೇರಿ ಮಾಡ್ತಿರೋ ಸಣ್ಣ ಕೆಲಸ. ಒಂದು ಸ್ಕೂಟರ್, ಮಡಚೋ ಏಣಿ, 14 ಇಂಚಿನ ವೈಪರ್, 12 ಅಡಿವರೆಗೆ ಉದ್ದವಾಗೋ ಪೋಲ್. ನೆಲಮಹಡಿ, ಮೊದಲ ಮಹಡಿ ಮಾತ್ರ. ಹಗ್ಗ ಕಟ್ಟಿ ಇಳಿಯೋ ಕೆಲಸ ಒಪ್ಪಲ್ಲ. ಸ್ಲೈಡಿಂಗ್ ಕಿಟಕಿಯ ಒಂದು ಶಟರ್‌ಗೆ ಎರಡೂ ಬದಿ ಸೇರಿ 50 ರೂಪಾಯಿ, ಮೆಷ್ ಮತ್ತು ಟ್ರ್ಯಾಕ್ ತೊಳೆಯೋಕೆ ಕಿಟಕಿಗೆ 40 ಬೇರೆ.

ಗಿರಾಕಿಗಳೆಲ್ಲ ಪರಿಚಯದವರು, ಇಲ್ಲ ಅವರ ನೆಂಟರು. ದಸರಾ ಹತ್ತಿರ ಬಂದರೆ ಫೋನ್ ಎತ್ತೋಕೂ ಪುರುಸೊತ್ತಿಲ್ಲ, ದೀಪಾವಳಿ ಆದ ಮೇಲೆ ಕೇಳೋರೇ ಇಲ್ಲ. ಮನೆಗಳೂ ಊರಿಡೀ ಚೆಲ್ಲಾಪಿಲ್ಲಿ: ಬೆಳಗ್ಗೆ ವಿಜಯನಗರ, ಮಧ್ಯಾಹ್ನ ಜೆ.ಪಿ. ನಗರ. ಹೊಸಬರನ್ನ ಹುಡುಕೋಕೆ ಅಂತ 8,000 ರೂಪಾಯಿ ಎತ್ತಿಟ್ಟಿದ್ದೀವಿ. ಪೇಪರ್ ಒಳಗೆ ಪಾಂಪ್ಲೆಟ್ ಹಾಕಿಸೋದಾ, ಆ್ಯಪ್‌ಗೆ ದುಡ್ಡು ಕಟ್ಟಿ ಲೀಡ್ (ಕೆಲಸ ಬೇಕು ಅಂತ ವಿಚಾರಿಸಿದವರ ನಂಬರ್) ತಗೊಳ್ಳೋದಾ, ಅಪಾರ್ಟ್‌ಮೆಂಟ್‌ಗಳಲ್ಲಿ ಕೇಳೋದಾ? ತಿಳಿದವರು ಹೇಳಿ.

ಅಂಗಡಿಬೀದಿ:

ಮನೆಯವರು ವರ್ಷಕ್ಕೆ ಎರಡು ಸಲ ಕರೆದರೆ ದೊಡ್ಡದು. ಅಂಗಡಿ ಗಾಜಿಗೆ 15 ದಿನಕ್ಕೊಮ್ಮೆ ಕೆಲಸ ಇದೆ, ಹಬ್ಬ ಇರಲಿ ಬಿಡಲಿ. ಮೊದಲು ಒಂದು ಅಂಗಡಿ ಸಾಲು ಹಿಡೀರಿ. ಕಾಳಿದಾಸ ರಸ್ತೆಯೋ ದೇವರಾಜ ಅರಸು ರಸ್ತೆಯೋ, ಯಾವುದಾದರೂ ಒಂದೇ. ಸ್ಕೂಟರ್ ನಿಲ್ಲಿಸಿದ ಜಾಗದಿಂದ ಬಕೆಟ್ ಹಿಡಿದು ನಡೆದುಹೋಗುವಷ್ಟು ಹತ್ತಿರದಲ್ಲಿ ಎಲ್ಲ ಇರಬೇಕು.

ಯಾವ ಅಂಗಡಿ ಅನ್ನೋದನ್ನೂ ನೋಡಿಕೊಳ್ಳಿ. ಕನ್ನಡಕದ ಅಂಗಡಿ, ಡೆಂಟಲ್ ಕ್ಲಿನಿಕ್, ರಕ್ತಪರೀಕ್ಷೆ ಲ್ಯಾಬ್, ಬೇಕರಿ, ಪಾರ್ಲರ್: ಇಲ್ಲೆಲ್ಲ ಮಾಲೀಕರು ಸಾಮಾನ್ಯವಾಗಿ ಗಲ್ಲಾದಲ್ಲೋ ಒಳಗಿನ ರೂಮಲ್ಲೋ ಇರ್ತಾರೆ, ಹೂಂ ಅಥವಾ ಊಹೂಂ ಅಲ್ಲೇ ಗೊತ್ತಾಗುತ್ತೆ. ಬ್ಯಾಂಕು, ದೊಡ್ಡ ಚೈನ್ ಶೋರೂಮುಗಳಲ್ಲಿ ಹೌಸ್‌ಕೀಪಿಂಗ್ ಗುತ್ತಿಗೆ ಹೆಡ್ ಆಫೀಸಿಂದ ಬಂದಿರುತ್ತೆ. ಅಲ್ಲಿ ಮ್ಯಾನೇಜರ್ ಜೊತೆ ಎಷ್ಟು ಮಾತಾಡಿದರೂ ಹೊತ್ತು ಹೋಗೋದಷ್ಟೇ.

ಹೋಗೋ ಸಮಯ 11ರಿಂದ 12:30. ಬೋಣಿ ಆಗೋ ಮುಂಚೆ ದುಡ್ಡು ಕೇಳೋ ಮುಖ ಯಾರಿಗೂ ಬೇಡ. ಸಂಜೆ 5ರ ಮೇಲೆ ವ್ಯಾಪಾರದ ಗಡಿಬಿಡಿ. ಕೈಲಿ ಕಾರ್ಡ್ ಹಿಡಿದು ಹೋಗಬೇಡಿ, ಬಕೆಟ್ ಹಿಡಿದು ಹೋಗಿ. "ಸರ್, ಬಾಗಿಲಿನ ಅರ್ಧ ಗಾಜು ಮಾಡಿ ತೋರಿಸ್ತೀನಿ, ದುಡ್ಡು ಬೇಡ" ಅಂದರೆ ಬೇಡ ಅನ್ನೋರು ಕಡಿಮೆ. 10 ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು. ಹೆಚ್ಚಾದರೆ ಒಣಗಿದ ಮೇಲೆ ಮಬ್ಬು ಉಳಿಯುತ್ತೆ. ಗಾಜಿನ ಮೇಲಂಚಿನಲ್ಲಿ ಎರಡು ಬೆರಳಗಲ ಬಟ್ಟೇಲಿ ಒಣಗಿಸಿ ಅಲ್ಲಿಂದ ವೈಪರ್ ಎಳೀರಿ, ಒದ್ದೆ ಜಾಗದಿಂದ ಶುರು ಮಾಡಿದರೆ ಗೆರೆ ಬೀಳುತ್ತೆ. ಪೂರ್ವಕ್ಕೆ ಮುಖ ಮಾಡಿದ ಅಂಗಡಿಗೆ ಬೆಳಗ್ಗೆ ಡೆಮೋ ಬೇಡ. ಬಿಸಿ ಗಾಜಿನ ಮೇಲೆ ನೀರು ವೈಪರ್ ಬರೋಷ್ಟರಲ್ಲಿ ಆರಿ, ನಿಮ್ಮ ಡೆಮೋನೇ ನಿಮಗೆ ತಿರುಗಿ ಬೀಳುತ್ತೆ.

"ನಮ್ಮ ಹುಡುಗನೇ ಒರೆಸ್ತಾನೆ" ಅಂತಾರೆ. ವಾದ ಮಾಡಬೇಡಿ, ತಲೆಯೆತ್ತಿ ಮೇಲೆ ತೋರಿಸಿ. ಹುಡುಗ ಒರೆಸೋದು ಅವನ ಕೈ ಎಟುಕೋವರೆಗೆ, ಆರು ಆರೂವರೆ ಅಡಿ. ಅದರ ಮೇಲಿನ ಗಾಜು, ಬೋರ್ಡಿನ ಕೆಳಗಿನ ಪಟ್ಟಿ, ಅಲ್ಲಿನ ಜೇಡರ ಬಲೆ ಹಾಗೇ ಇರುತ್ತೆ. "ಕೆಳಗಿಂದು ಅವನೇ ಮಾಡ್ಲಿ ಸರ್, 15 ದಿನಕ್ಕೊಂದ್ಸಲ ಮೇಲಿಂದು ಮಾತ್ರ ನಾವು ಮಾಡ್ತೀವಿ" ಅಂದರೆ ದರವೂ ಇಳಿಯುತ್ತೆ, ಆ ಹುಡುಗನಿಗೂ ನಿಮ್ಮ ಮೇಲೆ ಮುನಿಸಿರಲ್ಲ.

ಇನ್ನೊಂದು ದಾರಿ ಆಷಾಢ ಸೇಲ್. ಶ್ರಾವಣ ಹುಟ್ಟಿದ ವಾರ ಬಟ್ಟೆ ಅಂಗಡಿಗಳ ಗಾಜಿನ ಮೇಲೆ ಡಿಸ್ಕೌಂಟ್ ಸ್ಟಿಕ್ಕರ್ ಅರ್ಧಂಬರ್ಧ ಕಿತ್ತು ಅಂಟು ಉಳಿದಿರುತ್ತೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಮೂಲೆಯಿಂದ ಎಳೀರಿ, ಉಳಿದ ಅಂಟಿಗೆ ಸೋಪು ನೀರು ಹಾಕಿ ಸ್ಕ್ರೇಪರ್ (ಹಿಡಿ ಇರೋ ಕೆರೆಯೋ ಬ್ಲೇಡ್) ಮಲಗಿಸಿ ತಳ್ಳಿ. ಒಳಬದಿಗೆ ಸನ್ ಫಿಲ್ಮ್ ಅಂಟಿಸಿದ್ದರೆ ಆ ಕಡೆ ಸ್ಕ್ರೇಪರ್ ಇಡಲೇಬಾರದು, ಒಂದು ಗೀರು ಬಿದ್ದರೂ ಪೂರ್ತಿ ಫಿಲ್ಮ್ ನಿಮ್ಮ ತಲೆಗೆ ಬರುತ್ತೆ.

ನಾಲ್ಕನೇ_ಕ್ರಾಸ್:

ಅಂಗಡಿ ಮಾತು ಸರಿ, ಆದರೆ ಮನೆಗಳನ್ನ ಬಿಡಬೇಡಿ. ಮೈಸೂರಿನ ಕಾಂಪೌಂಡ್ ಮನೆಗಳಂಥ ಗಿರಾಕಿ ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿ ಸಿಗಲ್ಲ. ನಿಮ್ಮ ತೊಂದರೆ ಗಿರಾಕಿ ಕಡಿಮೆ ಅನ್ನೋದಲ್ಲ, ಬೀದಿಗೆ ಒಬ್ಬರೇ ಅನ್ನೋದು. 24 ಶಟರ್ ಇರೋ ಮನೆ ಇಬ್ಬರಿಗೆ ಮೆಷ್, ಟ್ರ್ಯಾಕ್ ಸೇರಿ ಸುಮಾರು 3 ಗಂಟೆ ಹಿಡಿಯುತ್ತೆ. ಪಕ್ಕದ ಮನೆಯೂ ಸಿಕ್ಕರೆ ದಿನ ತುಂಬಿತು. ಏಣಿ ಕಟ್ಟಿಕೊಂಡು ಊರು ದಾಟಬೇಕಾದರೆ ಎರಡನೇ ಮನೆ ಕತ್ತಲಾಗೋದರೊಳಗೆ ಮುಗಿಯಲ್ಲ.

ಒಂದು ಮನೇಲಿ ಕೆಲಸ ನಡೀವಾಗಲೇ ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರಿಗೆ ಮೂರು ಮನೆ ಕೇಳಿ. ಆಗ ಏಣಿ ಕಾಣ್ತಿರುತ್ತೆ, ಮನೆಯವರೂ ಗೇಟಲ್ಲಿ ನಿಂತು ನೋಡ್ತಿರ್ತಾರೆ. ಕೆಲಸ ಮುಗಿಸಿ ಹೋದ ಮೇಲೆ ಗೇಟಿಗೆ ಸಿಕ್ಕಿಸಿದ ಚೀಟಿ ಬೇರೆ ನೂರು ಚೀಟಿಗಳ ಜೊತೆ ಸೇರುತ್ತೆ. ಮಾತು ಇಷ್ಟೇ: "ಪಕ್ಕದ ಮನೇಲಿ ಮಾಡ್ತಿದ್ದೀವಮ್ಮ. ಇವತ್ತೋ ನಾಳೆಯೋ ಆದರೆ ಮೆಷ್ ತೊಳೆಯೋದಕ್ಕೆ ದುಡ್ಡು ಹಾಕಲ್ಲ." ಶಟರ್ ದರ ಇಳಿಸಬೇಡಿ, ಆಮೇಲೆ ಏರಿಸೋಕಾಗಲ್ಲ.

ಸರಸ್ವತಿಪುರಂ ಕಡೆ ಹಳೇ ಮರದ ಕಿಟಕಿಗಳಿಗೆ ಶಟರ್ ಲೆಕ್ಕ ಹೇಳಿದರೆ ನಷ್ಟ. ಒಳಗೆ ಕಂಬಿ, ಹೊರಗೆ ತೆರೆಯೋ ಬಾಗಿಲು, ಒಂದೊಂದಕ್ಕೆ ಮೂರು ನಾಲ್ಕು ಸಣ್ಣ ಗಾಜು. 14 ಇಂಚಿನ ವೈಪರ್ ಅದರಲ್ಲಿ ಹಿಡಿಯೋದೇ ಇಲ್ಲ, 6 ಇಂಚಿಂದು ಬೇಕು. ಗಾಜಿನ ಲೆಕ್ಕ ಇಡಿ. ಸುತ್ತಲಿನ ಪುಟ್ಟಿ ಒಣಗಿ ಉದುರ್ತಿದ್ದರೆ ಕೈ ಹಾಕೋ ಮುಂಚೆ ಮನೆಯವರಿಗೆ ತೋರಿಸಿ.

ಪಾಂಪ್ಲೆಟ್ ಹಾಕಿಸೋದಾದರೆ ಊರಿಗೆಲ್ಲ ಒಂದು ಸಲ ಅಲ್ಲ, ಒಬ್ಬ ಪೇಪರ್ ಏಜೆಂಟರ ಲೈನಿಗೆ ಮೂರು ಸಲ, ವಾರ ಬಿಟ್ಟು ವಾರ. ಭಾನುವಾರ ಬೇಡ, ಒಡವೆ ಅಂಗಡಿ, ಸೈಟು ಮಾರೋರ ಹಾಳೆಗಳ ನಡುವೆ ನಿಮ್ಮದು ಕಾಣಲ್ಲ. ದರ ಅಚ್ಚು ಹಾಕಿಸಿ. ದರ ಇಲ್ಲದಿದ್ದರೆ ಜನ ಫೋನ್ ಮಾಡೋಕೆ ಹಿಂಜರೀತಾರೆ, ಮಾಡಿದವರೂ ಅದೊಂದನ್ನೇ ಕೇಳಿ ಇಡ್ತಾರೆ.

ಸಮಯದ್ದು ಒಂದು ಲೆಕ್ಕ ಇದೆ. ಗಣೇಶ ಚೌತಿಯಿಂದ ನವರಾತ್ರಿ ಪಾಡ್ಯದವರೆಗೆ ನಾಲ್ಕು ವಾರ ಕೂಡ ತುಂಬಲ್ಲ. ಗೊಂಬೆ ಕೂರಿಸೋ ಮನೆಗಳೆಲ್ಲ ಕೊನೇ ವಾರ ಒಟ್ಟಿಗೆ ಕರೀತವೆ. ಚೌತಿ ಮುಗಿದ ಮರುದಿನವೇ ಹಳೇ ಗಿರಾಕಿಗಳಿಗೆ ಫೋನ್ ಮಾಡಿ ತಾರೀಕು ಹಂಚಿಬಿಡಿ, ಕೊನೇ ವಾರ ಹೊಸಬರಿಗೆ ಉಳೀಲಿ. ಆ ಹೊಸಬರಿಂದ ದುಡ್ಡು ತಗೊಳ್ಳುವಾಗಲೇ ಮುಂದಿನ ತಾರೀಕು ಬರೆದುಕೊಳ್ಳಿ: ಸಂಕ್ರಾಂತಿ ಕಳೆದ ಮೇಲಿನ ಧೂಳಿಗೆ ಒಂದು, ಯುಗಾದಿಗೆ ಒಂದು. ಹೆಸರು, ಬೀದಿ, ಶಟರ್ ಸಂಖ್ಯೆ, ಕೊನೆಗೆ ಮಾಡಿದ ದಿನ, ಇಷ್ಟಕ್ಕೆ 40 ಪುಟದ ನೋಟ್‌ಬುಕ್ ಸಾಕು. ದೀಪಾವಳಿ ಆದ ಮೇಲೆ ನಿಮ್ಮ ಫೋನ್ ಸುಮ್ಮನಿರೋದು ಈ ಪುಸ್ತಕ ಇಲ್ಲದ್ದಕ್ಕೆ.

ವಯಸ್ಸಾದ ದಂಪತಿ ಇದ್ದು ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರೋ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಪ್ಪ ಸ್ಟೂಲ್ ಹತ್ತಬಾರದು ಅನ್ನೋದು ಮಕ್ಕಳ ಚಿಂತೆ. ಹಿರಿಯರ ಒಪ್ಪಿಗೆ ಕೇಳಿ, ಕೆಲಸಕ್ಕೆ ಮೊದಲಿನದು, ಆಮೇಲಿನದು ಅಂತ ಮಕ್ಕಳಿಗೆ ಎರಡು ಫೋಟೋ ಕಳಿಸಿ. ಎಷ್ಟೋ ಸಲ ದುಡ್ಡು ಬರೋದು ಅಲ್ಲಿಂದಲೇ, ಮುಂದಿನ ಸಲ ಕರೆಯೋರೂ ಅವರೇ.

ಯುಪಿವಿಸಿ_ಹೆಬ್ಬಾಳ್:

ಮೇಲಿನವರು ಬಿಟ್ಟದ್ದು: ಪೇಂಟಿಂಗ್ ಮೇಸ್ತ್ರಿ ಮತ್ತು ಕಿಟಕಿ ಮಾಡಿ ಕೂರಿಸೋ ಫ್ಯಾಬ್ರಿಕೇಟರ್. ಪೇಂಟ್ ಮುಗಿದ ಮನೆ ಗಾಜಿನ ಮೇಲೆ ಹನಿ ಬಿದ್ದೇ ಇರುತ್ತೆ, ಪೇಂಟರ್ ಹುಡುಗರು ಅದನ್ನ ಒಣ ಬ್ಲೇಡಲ್ಲಿ ಕೆರೆದು ಗೀರು ಹಾಕ್ತಾರೆ, ಜಗಳ ಮೇಸ್ತ್ರಿಗೆ. ಮೇಸ್ತ್ರಿ, ಫ್ಯಾಬ್ರಿಕೇಟರ್ ಇಬ್ಬರಿಗೂ ಕಮಿಷನ್ ಆಸೆ ತೋರಿಸೋದಕ್ಕಿಂತ ನಿಮ್ಮ ದರಪಟ್ಟಿ ಕೊಡಿ, ಅವರ ಕೊಟೇಶನ್‌ನಲ್ಲಿ ಒಂದು ಸಾಲಾಗಿ ಸೇರಿಸಿಕೊಳ್ಳಲಿ. ಪೇಂಟ್ ಒಣಗಿ ಸಾಮಾನು ಒಳಗೆ ಬರೋ ಮುಂಚೆ ನಿಮ್ಮ ಕೆಲಸ.

ಆದರೆ ಹೊಸ ಕಟ್ಟಡಕ್ಕೆ ಮಾಮೂಲಿ ದರ ಹೇಳಬೇಡಿ. ಗಾಜಿನ ಮೂಲೇಲಿ ಅಳಿಸಲಾಗದ ಸಣ್ಣ ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ ಟಫನ್ಡ್ (ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು). ಅಂಥ ಕೆಲವು ಗಾಜಿನ ಮೇಲೆ ಕುಲುಮೆಯಲ್ಲೇ ಕಣ್ಣಿಗೆ ಕಾಣದ ಗಾಜಿನ ಪುಡಿ ಅಂಟಿರುತ್ತೆ. ಸ್ಕ್ರೇಪರ್ ಅದನ್ನ ಎಬ್ಬಿಸಿ ಎಳೆದುಕೊಂಡು ಹೋದರೆ ಉದ್ದಕ್ಕೂ ಕೂದಲೆಳೆಯಂಥ ಗೀರು. ಬೆರಳಿಂದ ಸವರಿದಾಗ ತರಿತರಿ ಅನ್ನಿಸಿದರೆ ಸ್ಕ್ರೇಪರ್ ಮುಟ್ಟಬೇಡಿ. ಉಳಿದದ್ದಕ್ಕೂ ಹೊಸ ಬ್ಲೇಡ್, ನೀರು ಸುರಿತಾ, ಒಂದೇ ದಿಕ್ಕಿಗೆ. "ಗೀರು ಬಿದ್ದರೆ ನಮ್ಮ ಹೊಣೆಯಲ್ಲ" ಅಂತ ವಾಟ್ಸ್ಆ್ಯಪ್‌ನಲ್ಲಾದರೂ ಒಪ್ಪಿಗೆ ಬರೆಸಿಕೊಂಡು ಶುರು ಮಾಡಿ.

ಬೋರ್‌ವೆಲ್ ನೀರಿನ ಬಿಳಿ ಕಲೆ ನಿಮಗೆ ಒಳ್ಳೇ ಬಂಡವಾಳ. ಟ್ಯಾಂಕ್ ತುಂಬಿ ಹರಿಯೋ ಕಡೆ, ಗಿಡಕ್ಕೆ ಪೈಪ್ ಹಿಡಿಯೋ ಕಡೆ ಕಿಟಕಿಗಳಲ್ಲಿ ನೋಡಿ. ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಕರಗಿಸಿ, ನಾಣ್ಯದಗಲ ಜಾಗಕ್ಕೆ ಹಚ್ಚಿ, ಒಣಗೋಕೆ ಬಿಡದೆ 5 ನಿಮಿಷ ಇಟ್ಟು, ಮೆತ್ತನೆಯ ಬಿಳಿ ಪ್ಯಾಡಲ್ಲಿ ಉಜ್ಜಿ ತೊಳೀರಿ. ಹೋದರೆ ಮನೆಯವರ ಕಣ್ಣೆದುರೇ ಕೆಲಸ ಕುದುರಿತು, ಶಟರ್‌ಗೆ ದುಪ್ಪಟ್ಟು ಕೇಳಬಹುದು. ಹೋಗದಿದ್ದರೆ ಸೀರಿಯಂ ಆಕ್ಸೈಡ್ (ಗಾಜು ಉಜ್ಜೋ ಪುಡಿ) ಪಾಲಿಶ್ ಬೇಕು, ಅದಕ್ಕೂ ಬಗ್ಗದಿದ್ದರೆ ಗಾಜೇ ಸವೆದಿದೆ. ಅದನ್ನ ಮೊದಲೇ ಹೇಳಿಬಿಡಿ. ಸಿಟ್ರಿಕ್ಕೂ ಗ್ರಾನೈಟ್, ಮಾರ್ಬಲ್ ಪಟ್ಟಿಯ ಮೇಲೆ ಇಳಿಯದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಬಾತ್‌ರೂಮ್ ಆ್ಯಸಿಡ್ ಮಾತ್ರ ಬೇಡವೇ ಬೇಡ, ಅಲ್ಯೂಮಿನಿಯಂ ಫ್ರೇಮಿನ ಬಣ್ಣವನ್ನೂ ಕೆಡಿಸುತ್ತೆ.

ಬ್ಲಾಕ್_ಬಿ:

ಅಪಾರ್ಟ್‌ಮೆಂಟ್ ನಿರ್ವಹಣೆ ಕಡೆಯಿಂದ ಎರಡು ಮಾತು. "ಇಡೀ ಬಿಲ್ಡಿಂಗ್ ಮಾಡ್ತೀವಿ" ಅಂತ ಬರಬೇಡಿ, ನೀವೇ ಹೇಳಿದ ಹಾಗೆ ಹೊರಗಿನ ಎತ್ತರ ನಿಮ್ಮ ಕೆಲಸವಲ್ಲ. ಲಾಬಿ, ಜಿಮ್, ಕ್ಲಬ್‌ಹೌಸ್ ಗಾಜಿಗೆ ತಿಂಗಳ ದರ ಕೊಡಿ. ಅದು ಒಪ್ಪಿಗೆಯಾದರೆ ನೋಟಿಸ್ ಬೋರ್ಡಲ್ಲಿ ಶನಿವಾರದ ಬುಕಿಂಗ್ ಹಾಕೋಕೆ ಅನುಮತಿ ಕೇಳಿ: ಕನಿಷ್ಠ 6 ಫ್ಲ್ಯಾಟ್ ಸೇರಿದರೆ ಬರ್ತೀವಿ, ಒಳಬದಿ, ಬಾಲ್ಕನಿ ಬಾಗಿಲು, ಮೆಷ್ ಮಾತ್ರ, ಮೈ ಹೊರಗೆ ಚಾಚಿ ಮಾಡೋ ಗಾಜು ಇಲ್ಲ ಅಂತ ಸ್ಪಷ್ಟವಾಗಿ ಬರೀರಿ.

ಕಾರ್ಯದರ್ಶಿ ಕೇಳೋ ಮುಂಚೆ ಒಂದು ಫೈಲಲ್ಲಿ ಇಡಿ: ಒಂದು ಪುಟದ ಕೊಟೇಶನ್, ಪ್ಯಾನ್, ಬ್ಯಾಂಕ್ ವಿವರ, ಇಬ್ಬರ ಗುರುತಿನ ಚೀಟಿ, ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ. ಉದ್ಯಮ್ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ನೋಂದಣಿ ಇಲ್ಲದೆ ಬಿಲ್ಲಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಒಂದು ಬಿಲ್ 30,000 ಅಥವಾ ವರ್ಷದ ಒಟ್ಟು 1 ಲಕ್ಷ ಮೀರಿದರೆ ಒಬ್ಬರ ಹೆಸರಿನ ಬಿಲ್‌ಗೆ ಅಪಾರ್ಟ್‌ಮೆಂಟ್ ಸಂಘದವರು 1% ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರಿದುಕೊಳ್ಳೋ ತೆರಿಗೆ) ಹಿಡೀತಾರೆ. ಪ್ಯಾನ್ ಕೊಡದಿದ್ದರೆ 20%.

ಕುವೆಂಪುನಗರ_ಗ್ಲಾಸ್:

ತುಂಬಾ ಉಪಯೋಗ ಆಯ್ತು. ಆ್ಯಪ್, ಗೂಗಲ್ ಬಗ್ಗೆ ಯಾರೂ ಹೇಳಲಿಲ್ಲ. ಆಮೇಲೆ, "ನಾಳೆ ಮಳೆ ಬಂದರೆ ಏನ್ ಮಾಡ್ತೀರಿ" ಅಂತ ಕೇಳೋರಿಗೆ ಏನು ಹೇಳೋದು?

ನಾಲ್ಕನೇ_ಕ್ರಾಸ್:

ಲೀಡ್ ಮಾರೋ ಕಡೆ ಒಂದೇ ವಿಚಾರಣೆ ನಾಲ್ಕೈದು ಜನಕ್ಕೆ ಹೋಗಬಹುದು, ಮೊದಲು ಫೋನ್ ಮಾಡಿದವರಿಗೆ ಕೆಲಸ. ಏಣಿ ಮೇಲೆ ನಿಂತವರು ಆ ಓಟದಲ್ಲಿ ಗೆಲ್ಲಲ್ಲ. 8,000 ಅಲ್ಲಿಗೆ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ: ಅಂಗಡಿ ಇಲ್ಲದಿದ್ದರೆ ವಿಳಾಸ ಮರೆಮಾಡಿ, ಸೇವೆ ಕೊಡೋ ಬಡಾವಣೆಗಳನ್ನ ಸೇರಿಸಿ. ವಿಡಿಯೋ ಪರಿಶೀಲನೆ ಕೇಳಿದರೆ ಸಲಕರಣೆ, ಕೆಲಸದ ಜಾಗ ತೋರಿಸಬೇಕಾಗುತ್ತೆ. ರಿವ್ಯೂ ಬರೆದರೆ ಡಿಸ್ಕೌಂಟ್ ಅನ್ನಬೇಡಿ, ಅದು ಅವರ ನಿಯಮಕ್ಕೆ ವಿರುದ್ಧ. ಕೆಲಸ ಮುಗಿದಾಗ ಲಿಂಕ್ ಕಳಿಸಿ ಸುಮ್ಮನೆ ಕೇಳಿ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜ್ ಹಲವರಿಗೆ ಕಳಿಸೋದು) ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಮುಟ್ಟುತ್ತೆ. ಹಾಗಾಗಿ ಅಲ್ಲೇ ನಿಂತು ಸೇವ್ ಮಾಡಿಸಿ.

ಮಳೆಗೆ ಉತ್ತರ: ಗಾಜು ಕೊಳೆಯಾಗೋದು ಹೆಚ್ಚಾಗಿ ಮಳೆ ನೀರಿಂದಲ್ಲ, ಸಜ್ಜಾ, ಮೆಷ್, ಫ್ರೇಮ್ ಮೇಲೆ ಕೂತ ಧೂಳು ಅದರ ಜೊತೆ ಇಳಿಯೋದರಿಂದ. ಮೊದಲು ಸಜ್ಜಾ ಗುಡಿಸಿ, ಮೆಷ್ ಬಿಚ್ಚಿ ತೊಳೆದು, ಟ್ರ್ಯಾಕಿನ ನೀರು ಹೋಗೋ ತೂತುಗಳನ್ನ ತಂತಿಯಿಂದ ಬಿಡಿಸಿ, ಕೊನೆಗೆ ಗಾಜು. ಹೀಗೆ ಮಾಡಿದ್ದರೆ "48 ಗಂಟೇಲಿ ಮಳೆ ಬಂದು ಕಲೆ ಬಿದ್ದರೆ ಹೊರಬದಿ ಮತ್ತೆ ಒರೆಸಿ ಕೊಡ್ತೀವಿ" ಅಂತ ಧೈರ್ಯವಾಗಿ ಕಾರ್ಡಲ್ಲೇ ಅಚ್ಚು ಹಾಕಿಸಿ. ಹೊರಬದಿ ಮಾತ್ರ ಅನ್ನೋದು ದಪ್ಪ ಅಕ್ಷರದಲ್ಲಿ.